ತಗಡು, ಚಾಸಿ, ಫೈಬರ್: ಸ್ವದೇಶಿ ರೇಸ್ ಕಾರುಗಳ ನಿರ್ಮಾಣ ಚರಿತ್ರೆಗೆ ವಿಕ್ರೋಳಿಯಿಂದ ಒಂದು ಪ್ರವೇಶ

ಭಾರತದ ಮೋಟಾರು ರೇಸಿನ ಚರಿತ್ರೆಯನ್ನು ಈವರೆಗೆ ಓಡಿಸಿದವರ ಕಡೆಯಿಂದ ಬರೆದದ್ದೇ ಹೆಚ್ಚು. ಕಾರು ಕಟ್ಟಿದವರ ಕಡೆಯಿಂದ ಅದನ್ನು ಮತ್ತೆ ಓದಬೇಕೆಂಬುದು ಈ ಲೇಖನದ ವಾದ. ಅದಕ್ಕೆ ಮುಂಬಯಿಯ ವಿಕ್ರೋಳಿ ತಕ್ಕ ನೆಲೆ. ಗೋದ್ರೆಜ್ ಕಾರ್ಖಾನೆಗಳ ಈ ಊರಿನಲ್ಲಿ ಲೇತು, ಡೈ, ಫಿಟ್ಟಿಂಗ್ ಕೆಲಸ ಮನೆಮನೆಯ ಕಸುಬಾಗಿತ್ತು. ಇಲ್ಲಿಂದ ಮೂರನೆಯ ನಿಲ್ದಾಣವಾದ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಫಿಯಟ್ 1100 ಕಾರನ್ನೂ ಮುಂದೆ ಅದನ್ನೇ ಪದ್ಮಿನಿ ಎಂಬ ಹೆಸರಿನಲ್ಲಿಯೂ ತಯಾರಿಸಿತು.

ಅಮೆರಿಕದಲ್ಲಿ 1948ರಲ್ಲಿ ಹುಟ್ಟಿದ ರೇಸ್ ಸಂಸ್ಥೆ ನಾಸ್ಕಾರ್ 1949ರಲ್ಲಿ ಆರಂಭಿಸಿದ ಮುಖ್ಯ ಸರಣಿಯಲ್ಲಿ ಓಡಿದ್ದು ಅಂಗಡಿಯಲ್ಲಿ ಸಿಗುವಂಥ ಕಾರುಗಳೇ. ನಮ್ಮಲ್ಲೂ ಹಾಗೆಯೇ, ಆದರೆ ಕಾರಣ ಬೇರೆ. ಆಮದಿನ ಕಟ್ಟುಪಾಡಿನಿಂದಾಗಿ ಇದ್ದದ್ದೇ ಅಂಬಾಸಡರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್. ಮದ್ರಾಸಿನ ಹತ್ತಿರದ ಶೋಲಾವರಂನಲ್ಲಿ, ಎರಡನೆಯ ಮಹಾಯುದ್ಧ ಬಿಟ್ಟುಹೋದ ವಿಮಾನ ಓಡುದಾರಿಯ ಮೇಲೆ, 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ನಡೆಸಿದ ಪಂದ್ಯಗಳಿಗೆ ಇವೇ ಬಂಡವಾಳ.

ಇವುಗಳ ಮೈಕಟ್ಟು ಒಂದೇ ಬಗೆಯದಲ್ಲ. ಕಟ್ಟುವವರ ದಾರಿಯನ್ನು ನಿರ್ಧರಿಸಿದ್ದು ಅದೇ. ಫಿಯಟ್ಟಿಗೆ ಪ್ರತ್ಯೇಕ ಚಾಸಿ (ಅಡಿಚೌಕಟ್ಟು) ಇಲ್ಲ, ತಗಡಿನ ಮೈಯೇ ಭಾರ ಹೊರಬೇಕು. ಆದ್ದರಿಂದ ಮೈಯನ್ನು ಕಿತ್ತೆಸೆಯುವಂತಿರಲಿಲ್ಲ. ಸೀಟು ತೆಗೆದು ತೂಕ ಇಳಿಸುವುದು, ಎಂಜಿನ್ನಿನ ಹೆಡ್ಡನ್ನು ಕೊಂಚ ಸವೆಸಿ ಕಂಪ್ರೆಷನ್ ಏರಿಸುವುದು, ಪೋರ್ಟುಗಳನ್ನು ಉಜ್ಜಿ ನಯ ಮಾಡುವುದು, ಕಾರ್ಬ್ಯುರೇಟರ್ ಬದಲಿಸುವುದು: ಇಷ್ಟರಲ್ಲೇ ಕೈಚಳಕ ತೋರಬೇಕು. ಹೆಡ್ಡನ್ನು ಒಂದಿಷ್ಟು ಹೆಚ್ಚು ಸವೆಸಿದರೆ ಎಂಜಿನ್ ಬಡಿಯತೊಡಗುತ್ತದೆ. ಸರಿಯಾದ ಅಳತೆ ತಿಳಿದಿರುವುದು ಅನುಭವಸ್ಥ ಕೈಗೆ ಮಾತ್ರ. ಹೆರಾಲ್ಡಿನದು ಇದಕ್ಕೆ ವಿರುದ್ಧ. ಅದರ ಚಾಸಿ ಬೇರೆ, ಮೈ ಬೇರೆ. ಮೈ ಬಿಚ್ಚಿಟ್ಟು ಹೊಸದನ್ನು ಕೂರಿಸಬಹುದಿತ್ತು.

ಮೂರನೆಯ ದಾರಿ ತೆರೆದದ್ದು ಬೆಂಗಳೂರು. ಸಿಪಾನಿ ಆಟೋಮೊಬೈಲ್ಸ್ 1980ರ ದಶಕದಲ್ಲಿ ಬ್ರಿಟನ್ನಿನ ರಿಲಯಂಟ್ ಕಿಟನ್ ಆಧಾರದ ಮೇಲೆ ತಂದ ಡಾಲ್ಫಿನ್‌ಗೆ ಉಕ್ಕಿನ ಚಾಸಿ, ಮೇಲೆ ಫೈಬರ್ ಗ್ಲಾಸಿನ ಮೈ, 848 ಸಿಸಿ ಎಂಜಿನ್. ಮಾರುತಿ 800 ಬಂದ ಮೇಲೆ ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ. ರೇಸಿನಲ್ಲಿ ಮಾತ್ರ ಅದರ ಹಗುರ ಮೈ ವರವಾಯಿತು. ಒಡೆದ ಫೈಬರನ್ನು ತಗಡಿನಂತೆ ಬಡಿದು ಸರಿಮಾಡಬೇಕಿಲ್ಲ. ರೆಸಿನ್ನು ಹಚ್ಚಿ ಅಲ್ಲಲ್ಲೇ ಕೂಡಿಸಬಹುದು. ಮಾರಾಟದಲ್ಲಿ ಸೋತ ಕಾರೆಂದು ಡಾಲ್ಫಿನ್ನನ್ನು ತಳ್ಳಿಹಾಕುವವರ ಮಾತನ್ನು ನಾನು ಒಪ್ಪಲಾರೆ.

ಅದೇ ದಶಕದಲ್ಲಿ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಆಮದು ಮಾಡಿದ ಎನ್‌ಸೈನ್ ಫಾರ್ಮುಲಾ ಒನ್ ಕಾರನ್ನು ಶೋಲಾವರಂನಲ್ಲಿ ಓಡಿಸಿದರು. ಜನ ಮುಗಿಬಿದ್ದು ನೋಡಿದ್ದು ನಿಜ, ಆದರೆ ಅದರಿಂದ ಇಲ್ಲಿ ಒಂದು ಕಾರೂ ಹುಟ್ಟಲಿಲ್ಲ. ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ 800ರ 796 ಸಿಸಿ ಎಂಜಿನ್ ಇಟ್ಟು ಕಟ್ಟಿದ ಫಾರ್ಮುಲಾ ಮಾರುತಿ ಎಂಬ ರೇಸ್ ಕಾರಿನಿಂದಲಾದರೋ ಓಟಗಾರರ ಒಂದು ಪೀಳಿಗೆಯೇ ಬೆಳೆಯಿತು. 2005ರಲ್ಲಿ ಫಾರ್ಮುಲಾ ಒನ್ ತಲುಪಿದ ನಾರಾಯಣ್ ಕಾರ್ತಿಕೇಯನ್ ಅವರ ಆರಂಭವೂ ಅದರಲ್ಲೇ. ಕರಿವರ್ಧನ್ 1995ರಲ್ಲಿ ತೀರಿಕೊಂಡರು. ಸ್ವದೇಶಿ ರೇಸಿನ ನಿಜವಾದ ಪರಂಪರೆ ಇವರದೇ ಎಂಬುದು ನನ್ನ ತೀರ್ಮಾನ.

ಕರಿವರ್ಧನ್ ಅವರ ಹೆಸರು ಉಳಿಯಿತು. ಹೆಡ್ಡು ಸವೆಸಿದ, ವೆಲ್ಡಿಂಗ್ ಮಾಡಿದ ಕೈಗಳ ನೆನಪು ಮನೆಗಳಲ್ಲಿ ಮಾತ್ರ ಇದೆ. ವಿಕ್ರೋಳಿಯ ಗೋದ್ರೆಜ್ ದಾಖಲಾಗಾರ 2006ರಿಂದ ತನ್ನ ನೌಕರರ ಬಾಯಿಮಾತಿನ ಚರಿತ್ರೆಯನ್ನೂ ಸಂಗ್ರಹಿಸುತ್ತಿದೆ. ಮುಂಬಯಿಯ ಕನ್ನಡ ಸಂಘಗಳು ಅದೇ ಕ್ರಮ ಹಿಡಿದು, ಗ್ಯಾರೇಜು, ಕಾರ್ಖಾನೆಗಳಲ್ಲಿ ದುಡಿದ ತಮ್ಮ ಹಿರಿಯರ ಮಾತುಗಳನ್ನು ಅವರು ಬದುಕಿರುವಾಗಲೇ ಧ್ವನಿಮುದ್ರಿಸಿಕೊಳ್ಳಬೇಕು.