ವಿಕ್ಟೋರಿಯಾ ಯುಗದ ಮನೆಗಳು: ಕರೆಗಂಟೆಯಿಂದ ಮಾತಿನ ಕೊಳವೆಯವರೆಗೆ

ರಾಣಿ ವಿಕ್ಟೋರಿಯಾ ಇಂಗ್ಲೆಂಡನ್ನು ಆಳಿದ ಕಾಲದಲ್ಲಿ (1837-1901) ಅಲ್ಲಿನ ಸಿರಿವಂತರ ಮನೆಗಳ ಗೋಡೆಗಳೊಳಗೆ ತಂತಿಗಳ ಜಾಲವೇ ಅಡಗಿರುತ್ತಿತ್ತು. ಮೇಲಂತಸ್ತಿನಲ್ಲಿ ಯಜಮಾನಿ ಅಗ್ಗಿಷ್ಟಿಕೆಯ ಪಕ್ಕದ ಹಿಡಿಯನ್ನು ಎಳೆದರೆ ಕೆಳಗೆ, ಅಡುಗೆಮನೆಯ ಬಳಿಯ ಓಣಿಯಲ್ಲಿ, ಗಂಟೆ ಬಾರಿಸುತ್ತಿತ್ತು. ಕರೆದವರಿಗೆ ಆಳಿನ ಮುಖ ಕಾಣುತ್ತಿರಲಿಲ್ಲ, ಆಳಿಗೆ ಕರೆದವರ ದನಿ ಕೇಳುತ್ತಿರಲಿಲ್ಲ. ಈ ವ್ಯವಸ್ಥೆಯ ಉದ್ದೇಶವೂ ಬಹುಮಟ್ಟಿಗೆ ಅದೇ ಆಗಿತ್ತು.

ಅದಕ್ಕೂ ಮೊದಲು ಬಳಕೆಯಲ್ಲಿದ್ದದ್ದು ಕೈಗಂಟೆ. ಅದರ ಸದ್ದು ಕೇಳಬೇಕಾದರೆ ಸೇವಕರು ಪಕ್ಕದ ಕೋಣೆಯಲ್ಲೋ ಬಾಗಿಲಾಚೆಯಲ್ಲೋ ಕಾದಿರಬೇಕಿತ್ತು. ಹಾಗೆ ಕಾದಿದ್ದವರಿಗೆ ಮನೆಯವರ ಮಾತುಕತೆಯೂ ಕೇಳುತ್ತಿತ್ತು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ತಂತಿಗಂಟೆಗಳು ಹರಡತೊಡಗಿದ ಮೇಲೆ ಆಳುಕಾಳುಗಳನ್ನು ನೆಲಮಾಳಿಗೆಗೋ ಮನೆಯ ಹಿಂಭಾಗಕ್ಕೋ ಕಳುಹಿಸುವುದು ಸುಲಭವಾಯಿತು. ವಾಸ್ತುಶಿಲ್ಪಿ ರಾಬರ್ಟ್ ಕೆರ್ 1864ರಲ್ಲಿ ಪ್ರಕಟಿಸಿದ ಗೃಹವಿನ್ಯಾಸ ಗ್ರಂಥದಲ್ಲಿ, ಕುಟುಂಬದ ಭಾಗ ಮತ್ತು ಸೇವಕರ ಭಾಗ ಪರಸ್ಪರ ಕಾಣದಂತೆ, ಕೇಳದಂತೆ ಇರಬೇಕೆಂದು ಸ್ಪಷ್ಟವಾಗಿ ವಿಧಿಸಿದನು. ಆ ವಿಧಿಯನ್ನು ಪಾಲಿಸಲು ಗಂಟೆಯಿಲ್ಲದೆ ಸಾಧ್ಯವಿರಲಿಲ್ಲ.

ಯಂತ್ರ ಸರಳವಾದುದು. ಹಿಡಿಗೆ ಕಟ್ಟಿದ ತಂತಿ ಗೋಡೆಯೊಳಗೆ ಸಾಗಿ, ಮೂಲೆ ಬಂದಲ್ಲೆಲ್ಲ ಮೊಣಕೈ ಆಕಾರದ ಲೋಹದ ತುಂಡಿನ ನೆರವಿನಿಂದ ದಿಕ್ಕು ಬದಲಿಸಿ ಗಂಟೆಯನ್ನು ತಲಪುತ್ತಿತ್ತು. ಸುರುಳಿ ಸ್ಪ್ರಿಂಗಿನ ಮೇಲೆ ಕುಳಿತ ಗಂಟೆ ಸದ್ದು ನಿಂತ ಬಳಿಕವೂ ತೂಗಾಡುತ್ತಿತ್ತು. ಕೈಕೆಲಸ ಬಿಟ್ಟು ಓಡಿಬಂದ ಹುಡುಗಿ ಸಾಲಿನಲ್ಲಿ ಯಾವುದು ತೂಗುತ್ತಿದೆ ಎಂದು ನೋಡಿ ಕೋಣೆಯನ್ನು ಗುರುತಿಸುತ್ತಿದ್ದಳು. ಗಂಟೆಗಳ ಗಾತ್ರ ಬೇರೆಬೇರೆಯಾದ್ದರಿಂದ ನಾದವೂ ಬೇರೆ. ಅನುಭವಿಗಳು ನೋಡದೆಯೇ ಊಟದ ಮನೆಯ ಗಂಟೆ ಯಾವುದು, ಮಲಗುವ ಕೋಣೆಯದು ಯಾವುದು ಎಂದು ಹೇಳಬಲ್ಲವರಾಗಿದ್ದರು. ತಂತಿ ಹಿಗ್ಗುತ್ತಿತ್ತು, ತುಂಡಾಗುತ್ತಿತ್ತು. ಇದನ್ನೆಲ್ಲ ಜೋಡಿಸಿ ರಿಪೇರಿ ಮಾಡುವುದೇ ಒಂದು ಪ್ರತ್ಯೇಕ ಕಸುಬಾಗಿತ್ತು.

ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ 1866ರಲ್ಲಿ ರೂಪಿಸಿದ ಬ್ಯಾಟರಿ ವಿದ್ಯುತ್ ಗಂಟೆಗೆ ದಾರಿ ಮಾಡಿತು. ಗಾಜಿನ ಜಾಡಿ, ನವಸಾಗರದ ದ್ರಾವಣ, ಸತುವಿನ ಕಡ್ಡಿ. ಆಗೊಮ್ಮೆ ಈಗೊಮ್ಮೆ ಕ್ಷಣಕಾಲ ವಿದ್ಯುತ್ ಬೇಕಾದ ಕೆಲಸಕ್ಕೆ ಇದು ಹೇಳಿ ಮಾಡಿಸಿದಂತಿತ್ತು. ಗಂಟೆಗಳ ಸಾಲಿನ ಬದಲು ಒಂದೇ ಗಂಟೆ, ಜೊತೆಗೆ ಗಾಜು ಹಾಕಿದ ಮರದ ಪೆಟ್ಟಿಗೆ ಬಂತು. ಗುಂಡಿ ಒತ್ತಿದ ಕೋಣೆಯ ಕಿಂಡಿಯಲ್ಲಿ ಪುಟ್ಟ ಬಿಲ್ಲೆ ಅಲುಗುತ್ತಿತ್ತು.

ಆದರೆ ತಂತಿಯದಿರಲಿ, ವಿದ್ಯುತ್ತಿನದಿರಲಿ, ಗಂಟೆಗೆ ಒಂದೇ ಮಾತು ಗೊತ್ತಿತ್ತು: ಬಾ. ಏಕೆ ಎಂಬುದನ್ನು ತಿಳಿಯಲು ಸೇವಕಿ ಮೆಟ್ಟಿಲು ಹತ್ತಬೇಕು. ಕಲ್ಲಿದ್ದಲೋ ಬಿಸಿನೀರೋ ಬೇಕೆಂದು ಕೇಳಿಸಿಕೊಂಡು ಇಳಿಯಬೇಕು. ಹೊತ್ತು ಮತ್ತೆ ಹತ್ತಬೇಕು. 1891ರ ಜನಗಣತಿಯ ವೇಳೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮನೆಗೆಲಸದ ಮಹಿಳೆಯರ ಸಂಖ್ಯೆಯೇ ಹತ್ತು ಲಕ್ಷ ದಾಟಿತ್ತು. ಅವರಲ್ಲಿ ಬಹಳಷ್ಟು ಮಂದಿ ಮಧ್ಯಮ ವರ್ಗದ ಮನೆಗಳಲ್ಲಿ ಒಬ್ಬಂಟಿಯಾಗಿ ದುಡಿಯುತ್ತಿದ್ದವರು. ಅಲ್ಲಿ ಯಾವ ಗಂಟೆ ಬಾರಿಸಿದರೂ ಏಳಬೇಕಾದವಳು ಒಬ್ಬಳೇ.

ಈ ಎರಡು ಸುತ್ತಿನ ಓಡಾಟದಲ್ಲಿ ಒಂದನ್ನು ಉಳಿಸಿದ್ದು ಮಾತಿನ ಕೊಳವೆ. ಬಯಲಿನಲ್ಲಿ ನಾಲ್ಕೂ ದಿಕ್ಕಿಗೆ ಚದುರುವ ಸದ್ದು ಕೊಳವೆಯೊಳಗೆ ಚದುರದೆ ಸಾಗುತ್ತದೆ. ಫ್ರೆಂಚ್ ವಿಜ್ಞಾನಿ ಬಿಯೊ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಪ್ಯಾರಿಸ್ಸಿನ 951 ಮೀಟರ್ ಉದ್ದದ ನೀರಿನ ಕೊಳವೆಯಲ್ಲಿ ಮೆಲುದನಿಯ ಮಾತೂ ಕೇಳುವುದನ್ನು ತೋರಿಸಿದ್ದನು. ಮನೆಯ ಕೊಳವೆಯ ಎರಡೂ ತುದಿಗೆ ಸಿಳ್ಳೆ ಅಳವಡಿಸಿದ ಬಿರಡೆ ಇರುತ್ತಿತ್ತು. ಮೇಲಿನವರು ತಮ್ಮ ಬಿರಡೆ ತೆಗೆದು ಊದಿದರೆ ಕೆಳಗಿನ ಬಿರಡೆ ಸಿಳ್ಳೆ ಹಾಕುತ್ತಿತ್ತು. ಕೆಳಗಿನವರು ಅದನ್ನು ಕಿತ್ತು ಉತ್ತರ ಕೊಡುತ್ತಿದ್ದರು. ಬಾಯಿ, ಕಿವಿ ಎರಡಕ್ಕೂ ಅದೇ ತೂತು. ಸರದಿ ತಪ್ಪಿದರೆ ಕಿವಿಗೆ ಸಿಳ್ಳೆಯ ಗಾಳಿಯೇ ಗತಿ.

ಗಂಟೆ ಕೊಡದಿದ್ದ ಒಂದು ಅವಕಾಶವನ್ನು ಈ ಸಾಧನ ಸೇವಕರಿಗೆ ಕೊಟ್ಟಿತು. ಅವರೂ ಊದಬಹುದಿತ್ತು, ಮರುಪ್ರಶ್ನೆ ಹಾಕಬಹುದಿತ್ತು. ಜೊತೆಗೆ ಹಳೆಯ ಆತಂಕವೂ ಮರಳಿತು: ಬಿರಡೆ ಹಾಕುವುದನ್ನು ಮರೆತರೆ ಕೋಣೆಯ ಗುಟ್ಟು ಅಡುಗೆಮನೆಗೆ ಇಳಿಯಬಹುದು.

ದೂರವಾಣಿ ಬಂದದ್ದು ಬೇರೆ ಬಾಗಿಲಿನಿಂದ. 1878ರ ಜನವರಿ 14ರಂದು ಅಲೆಗ್ಸಾಂಡರ್ ಗ್ರಹಾಂ ಬೆಲ್ ಆಸ್‌ಬರ್ನ್ ಅರಮನೆಯಲ್ಲಿ ರಾಣಿಯ ಮುಂದೆ ಅದನ್ನು ಪ್ರದರ್ಶಿಸಿದನು. ಮರುವರ್ಷ ಲಂಡನ್ನಿನಲ್ಲಿ ಮೊದಲ ವಿನಿಮಯ ಕೇಂದ್ರ ತೆರೆಯಿತು. ಮುಂದೆ ಪ್ರಧಾನಿಯಾದ ಲಾರ್ಡ್ ಸಾಲ್ಸ್‌ಬರಿ ತನ್ನ ಹ್ಯಾಟ್‌ಫೀಲ್ಡ್ ಭವನದಲ್ಲಿ ಅದನ್ನು ಬಲುಬೇಗ ಹಾಕಿಸಿಕೊಂಡು, ಪರೀಕ್ಷೆಗೆಂದು ಶಿಶುಪ್ರಾಸ ಹೇಳಿ ಅತಿಥಿಗಳನ್ನು ಬೆಚ್ಚಿಬೀಳಿಸುತ್ತಿದ್ದನಂತೆ. ಹೆಚ್ಚಿನ ಮನೆಗಳಲ್ಲಿ ಮಾತ್ರ ಶತಮಾನದ ಕೊನೆಯವರೆಗೂ ಗಂಟೆಯದೇ ರಾಜ್ಯ.

ಇದೇ ಇಂಗ್ಲಿಷರು ಭಾರತಕ್ಕೆ ಬಂದಾಗ ಆಳುಗಳು ಕೂಗಳತೆಯಲ್ಲೇ ಇರುತ್ತಿದ್ದರು. ಉತ್ತರದಲ್ಲಿ ‘ಕೋಯಿ ಹೈ’, ದಕ್ಷಿಣದಲ್ಲಿ ‘ಬಾಯ್’ ಎಂಬ ಕೂಗು ರೂಢಿಯಾಗಿದ್ದನ್ನು 1886ರಲ್ಲಿ ಪ್ರಕಟವಾದ ಹಾಬ್ಸನ್-ಜಾಬ್ಸನ್ ನಿಘಂಟು ದಾಖಲಿಸಿದೆ.

ಮೊದಲ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಮನೆಯಾಳುಗಳು ಸಿಗುವುದೇ ಕಷ್ಟವಾಗತೊಡಗಿತು. ಗಂಟೆಗಳು ಮೌನವಾದರೂ ತಂತಿಗಳನ್ನು ಕೀಳಿಸುವ ಗೊಡವೆಗೆ ಹಲವರು ಹೋಗಲಿಲ್ಲ. ಹಳೆಯ ಮನೆಗಳನ್ನು ದುರಸ್ತಿ ಮಾಡುವಾಗ ಗಾರೆಯ ಅಡಿಯಲ್ಲಿ ಅವು ಇಂದಿಗೂ ಸಿಗುತ್ತವೆ.