ಪುಣೆ ಮಾರ್ಗ ಮತ್ತು ಉತ್ತರ ಕರ್ನಾಟಕದ ಪರಿವರ್ತನೆ

1863ರಲ್ಲಿ ಭೋರ್ ಘಾಟ್ ಮಾರ್ಗವು ಪೂರ್ಣಗೊಂಡು ಮುಂಬಯಿ–ಪುಣೆಗಳ ನಡುವೆ ಅಖಂಡ ರೈಲು ಸಂಪರ್ಕ ಏರ್ಪಟ್ಟಿತು. 1882ರಲ್ಲಿ ಸ್ಥಾಪನೆಗೊಂಡ ಸದರ್ನ್ ಮರಾಠಾ ರೈಲ್ವೆಯು 1890ರ ಸುಮಾರಿಗೆ ಪುಣೆಯನ್ನು ಮಿರಜ, ಬೆಳಗಾವಿ, ಲೋಂಡಾಗಳ ಮೂಲಕ ಧಾರವಾಡ–ಹುಬ್ಬಳ್ಳಿಗಳೊಡನೆ ಜೋಡಿಸಿತು. ಮಡಿ, ಪಾಠ, ಪಾರಾಯಣಗಳಲ್ಲಿ ಬಾಳುತ್ತಿದ್ದ ಅಗ್ರಹಾರಗಳಿಗೂ ಮಳೆ–ಬೆಳೆಗಳನ್ನೇ ನಂಬಿದ್ದ ಹಳ್ಳಿಗಳಿಗೂ ಹೊಸ ಯುಗವು ಈ ಹಳಿಗಳ ಮೇಲೆಯೇ ಬಂದಿತು.

ಮುಂಬಯಿ ಮಾರ್ಗದ ಹಳಿಗಳ ಅಂತರ 1,676 ಮಿ.ಮೀ.; ದಕ್ಷಿಣದ ಮಾರ್ಗದ್ದು 1,000 ಮಿ.ಮೀ. ಒಂದೇ ಗಾಡಿಯು ಎರಡರ ಮೇಲೂ ಓಡಲಾರದು. ಆದುದರಿಂದ ಪುಣೆಯಲ್ಲಿ ಪ್ರಯಾಣಿಕರು ಇಳಿದು ಗಾಡಿ ಬದಲಿಸಬೇಕಾಗಿತ್ತು. ಸರಕನ್ನು ಒಂದು ವ್ಯಾಗನ್ನಿನಿಂದ ಇಳಿಸಿ ಮತ್ತೊಂದಕ್ಕೆ ಏರಿಸಬೇಕಾಗಿತ್ತು. ಆ ಪ್ರಾಂತದ ಜನರು ಆಧುನಿಕತೆಯನ್ನು ಸ್ವೀಕರಿಸಿದ ಬಗೆಯೂ ಇಂತಹುದೇ. ಗಾಡಿ ಬದಲಿಸಿದರು, ಗಂಟನ್ನು ಬಿಡಲಿಲ್ಲ.

ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲನ್ನು ತಯಾರಿಸಿದಾಗ, ಕಬ್ಬಿಣದಿಂದ ಭೂಮಿ ವಿಷವಾಗುವುದೆಂದು ರೈತರು ಅಂಜಿದರು. ಕ್ರಮೇಣ ಆ ಅಂಜಿಕೆ ಕಳೆಯಿತು. 1910ರಲ್ಲಿ ಇದೇ ಮಾರ್ಗದ ಬದಿಯಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ನೇಗಿಲು ಹೊಸದಾಯಿತು, ಎಳೆಯುವ ಎತ್ತುಗಳು ಹಳೆಯವೇ ಆಗಿದ್ದವು.

ವಿದ್ಯೆಯ ಪ್ರಶ್ನೆ ಇನ್ನೂ ಕಠಿಣವಾಗಿತ್ತು. ಮುಂಬಯಿ ಪ್ರಾಂತದ ಕನ್ನಡ ಭಾಗದಲ್ಲಿ ಮರಾಠಿಯ ಪ್ರಾಬಲ್ಯವಿದ್ದು, ಪುಣೆಗೆ ಓದಲು ಹೋದ ತರುಣರು ಕನ್ನಡವನ್ನೇ ಮರೆಯಬಹುದಾಗಿತ್ತು. ಆದರೆ ವಿಜಾಪುರದಲ್ಲಿ ಜನಿಸಿ ಫರ್ಗ್ಯುಸನ್ ಕಾಲೇಜಿನಲ್ಲಿ ಕಲಿತ ಆಲೂರು ವೆಂಕಟರಾಯರು ತಿಲಕರಿಂದ ಪಡೆದ ಸ್ವಾಭಿಮಾನವನ್ನು ಧಾರವಾಡಕ್ಕೆ ಹೊತ್ತು ತಂದು ಕನ್ನಡದ ಸೇವೆಗೆ ತೊಡಗಿಸಿದರು. 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದರು; ತಿಲಕರ ‘ಗೀತಾರಹಸ್ಯ’ವನ್ನು ಕನ್ನಡಿಸಿದರು; ಮಧ್ವಸಿದ್ಧಾಂತವನ್ನು ಕುರಿತೂ ಬರೆದರು.

ಹಳಿಗಳ ಮೇಲೆ ಸಂಚಾರವು ಎರಡೂ ದಿಕ್ಕಿಗೆ. ಗದಗಿನ ಭೀಮಸೇನ ಜೋಶಿಯವರು ಪುಣೆಯಲ್ಲಿ ನೆಲೆಸಿದರು. ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ಸ್ಮರಣೆಗಾಗಿ 1953ರಲ್ಲಿ ಇಲ್ಲಿ ಸಂಗೀತೋತ್ಸವ ಆರಂಭವಾಯಿತು. ಜೋಶಿಯವರ ಕಂಠದಲ್ಲಿ ಹರಿದಾಸರ ಪದಗಳು ಕನ್ನಡವರಿಯದ ಮನೆಗಳನ್ನೂ ಹೊಕ್ಕವು.

ಇಂದು ಈ ಮಾರ್ಗವೆಲ್ಲ ಬ್ರಾಡ್‌ಗೇಜ್ ಆಗಿದೆ. ಪುಣೆಯಲ್ಲಿ ಗಾಡಿ ಬದಲಿಸಬೇಕಿಲ್ಲ. ನಿದ್ರೆಯಲ್ಲಿಯೇ ಊರು ದಾಟಬಹುದು. ಇಳಿಯುವ ಪ್ರಸಂಗವಿಲ್ಲದ ಮೇಲೆ ಗಂಟುಗಳನ್ನು ಎಣಿಸಿಕೊಳ್ಳುವ ಪ್ರಸಂಗವೂ ಇಲ್ಲ. ಇಂಗ್ಲಿಷಿನಲ್ಲಿ ಓದಿ ಮರಾಠಿಯಲ್ಲಿ ಆಡಿ ಬೆಳೆಯುವ ಮಕ್ಕಳಿಗೆ ದಾಸರ ಪದವನ್ನು ಯಾವ ಲಿಪಿಯಲ್ಲಿ ಬರೆದುಕೊಡಬೇಕೆಂಬುದು ಪುಣೆಯ ಅನೇಕ ಕನ್ನಡ ಮನೆಗಳ ಪ್ರಶ್ನೆ. ಹಿಂದಿನವರು ಗಾಡಿ ಬದಲಿಸುವಾಗ ಗಂಟನ್ನು ತಾವೇ ಹೊತ್ತು ದಾಟಿಸಿದರು. ಆ ಕೆಲಸವನ್ನು ಯಂತ್ರವು ಮಾಡದು. ಪ್ರತಿಯೊಂದು ತಲೆಮಾರೂ ಕೈಯಾರೆ ಮಾಡಬೇಕಾಗುತ್ತದೆ.