ಚೆಕ್ ಬೇಡವೆಂದವರು ಬರೆದ ಚೆಕ್ಕುಗಳು

ವಿದ್ಯುತ್ತಿನ ಬಿಲ್ಲು, ಫೋನಿನ ಬಿಲ್ಲು ಕಟ್ಟಲು ನಮ್ಮವರು ಕೌಂಟರಿನ ಮುಂದೆ ಸಾಲು ನಿಲ್ಲುತ್ತಿದ್ದ ಕಾಲದಲ್ಲಿ ಅಮೆರಿಕದವರು ಚೆಕ್ ಬರೆದು, ಲಕೋಟೆಗೆ ಹಾಕಿ, ಅಂಚೆಚೀಟಿ ಅಂಟಿಸಿ ಕಳುಹಿಸುತ್ತಿದ್ದರು. ಪ್ರತಿ ತಿಂಗಳೂ ಇದೇ ಪಾಡು. ಈ ಕಾಗದದ ಕಾಟ ತಪ್ಪಿಸುವುದರಲ್ಲಿ ದುಡ್ಡಿದೆ ಎಂದು ಬೇಗನೆ ಮನಗಂಡವರಲ್ಲಿ ಪೀಟ್ ಕೈಟ್ ಒಬ್ಬರು. 1981ರಲ್ಲಿ ಓಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ಅವರು ಆರಂಭಿಸಿದ ಸಂಸ್ಥೆಯ ಹೆಸರೇ 'ಚೆಕ್‌ಫ್ರೀ'. ವ್ಯಾಯಾಮಶಾಲೆಗಳ ಸದಸ್ಯರ ತಿಂಗಳ ಶುಲ್ಕವನ್ನು ಅವರವರ ಬ್ಯಾಂಕ್ ಖಾತೆಯಿಂದ ನೇರವಾಗಿ ವಸೂಲು ಮಾಡಿಕೊಡುವುದು ಅದರ ಮೊದಲ ಕಸುಬು.

ಮನೆಮನೆಗೆ ಕಂಪ್ಯೂಟರ್ ಬಂದಮೇಲೆ ಸಂಸ್ಥೆ ಬಿಲ್ಲು ಕಟ್ಟುವ ಕೆಲಸಕ್ಕೆ ಇಳಿಯಿತು. ಇಲ್ಲೊಂದು ತಮಾಷೆ ಇದೆ. ಗ್ರಾಹಕನೇನೋ ಗುಂಡಿ ಒತ್ತುತ್ತಿದ್ದ. ಆದರೆ ಹಣ ಪಡೆಯಬೇಕಾದ ಎಷ್ಟೋ ಕಡೆ ಅದನ್ನು ವಿದ್ಯುನ್ಮಾನ ರೂಪದಲ್ಲಿ ಸ್ವೀಕರಿಸುವ ಏರ್ಪಾಡೇ ಇರಲಿಲ್ಲ. ಆಗ ಚೆಕ್‌ಫ್ರೀ ತಾನೇ ಕಾಗದದ ಚೆಕ್ ಮುದ್ರಿಸಿ ಅಂಚೆಗೆ ಹಾಕುತ್ತಿತ್ತು! ನಗುವ ವಿಷಯವೆನಿಸಿದರೂ ಲಾಭನಷ್ಟದ ಗುಟ್ಟು ಇದ್ದುದು ಇಲ್ಲಿಯೇ. ತಂತಿಯ ಮೇಲೆ ಹೋಗುವ ಹಣಕ್ಕೆ ಖರ್ಚು ಅತ್ಯಲ್ಪ. ಕಾಗದ, ಅಂಚೆ, ಆಳುಗಳ ಖರ್ಚು ಹೆಚ್ಚು. ಹಣ ಹೂಡುವವರು ಎಷ್ಟು ಜನ ಚಂದಾದಾರರಾದರು ಎಂದು ಕೇಳುವ ಬದಲು, ನೂರಕ್ಕೆ ಎಷ್ಟು ಪಾವತಿಗಳು ಕಾಗದವಿಲ್ಲದೆ ನಡೆದವು ಎಂದು ಕೇಳಬೇಕಿತ್ತು.

ಆ ಪ್ರಶ್ನೆಗೆ ಯಾರಿಗೂ ವ್ಯವಧಾನವಿರಲಿಲ್ಲ. 1995ರಲ್ಲಿ ಚೆಕ್‌ಫ್ರೀ ಷೇರು ಸಾರ್ವಜನಿಕರಿಗೆ ಬಂತು. ಮೈಕ್ರೋಸಾಫ್ಟ್ ಈ ಕ್ಷೇತ್ರಕ್ಕೆ ಕಾಲಿಟ್ಟು, ಫಸ್ಟ್ ಡೇಟಾ ಮತ್ತು ಸಿಟಿಬ್ಯಾಂಕ್ ಜತೆ 'ಟ್ರಾನ್ಸ್‌ಪಾಯಿಂಟ್' ನಡೆಸಿತು. ಗ್ರಾಹಕರು ಕೈತಪ್ಪುವರೆಂದು ಹೆದರಿದ ಚೇಸ್, ಫಸ್ಟ್ ಯೂನಿಯನ್, ವೆಲ್ಸ್ ಫಾರ್ಗೊ ಬ್ಯಾಂಕುಗಳು 1999ರಲ್ಲಿ 'ಸ್ಪೆಕ್ಟ್ರಂ' ಕಟ್ಟಿದವು. ಅದೇ ವರ್ಷದ ಕೊನೆಗೆ ಚೆಕ್‌ಫ್ರೀ ಷೇರು 100 ಡಾಲರ್ ದಾಟಿತು. ಏರಿದ್ದ ಆ ಷೇರುಗಳನ್ನೇ ಬೆಲೆಯಾಗಿ ಕೊಟ್ಟು ಸಂಸ್ಥೆ 2000ದಲ್ಲಿ ಟ್ರಾನ್ಸ್‌ಪಾಯಿಂಟನ್ನು ನುಂಗಿತು. 2002ರಲ್ಲಿ ಷೇರು 10 ಡಾಲರಿಗಿಂತ ಕೆಳಗಿತ್ತು.

ಭವಿಷ್ಯ ನುಡಿದವರು ತಪ್ಪಿರಲಿಲ್ಲ ಎಂಬುದೇ ವಿಚಿತ್ರ. ಜನ ಕಂಪ್ಯೂಟರಿನಲ್ಲೇ ಬಿಲ್ಲು ಕಟ್ಟತೊಡಗಿದರು. ಆದರೆ ತಾನು ಕಟ್ಟಬೇಕಾದ ಬಿಲ್ಲುಗಳ ಪಟ್ಟಿಯನ್ನೆಲ್ಲ ಒಂದು ಬ್ಯಾಂಕಿನಲ್ಲಿ ತುಂಬಿಸಿದ ಗ್ರಾಹಕ ಸುಲಭವಾಗಿ ಬೇರೆ ಬ್ಯಾಂಕಿಗೆ ಹೋಗುವುದಿಲ್ಲ. ಇದನ್ನು ಅರಿತ ಬ್ಯಾಂಕ್ ಆಫ್ ಅಮೆರಿಕ 2002ರಲ್ಲಿ ಈ ಸೇವೆಯ ಶುಲ್ಕವನ್ನೇ ತೆಗೆದುಹಾಕಿತು. ಲಾಭ ಬ್ಯಾಂಕಿಗೂ ಗ್ರಾಹಕನಿಗೂ ಹೋಯಿತು. ನಡುವೆ ನಿಂತವನಿಗೆ ದಕ್ಕಿದ್ದು ಉಳಿದದ್ದು. 2007ರಲ್ಲಿ ಫೈಸರ್ವ್ ಸಂಸ್ಥೆ ಷೇರಿಗೆ 48 ಡಾಲರಿನಂತೆ, ಒಟ್ಟು 440 ಕೋಟಿ ಡಾಲರಿಗೆ ಚೆಕ್‌ಫ್ರೀಯನ್ನು ಕೊಂಡಿತು. ವ್ಯವಹಾರ ದೊಡ್ಡದೇ. ಆದರೆ 1999ರ ಡಿಸೆಂಬರಿನ ಭರಾಟೆಯಲ್ಲಿ 100 ಡಾಲರ್ ಕೊಟ್ಟು ಷೇರು ಕೊಂಡವನಿಗೆ ಎಂಟು ವರ್ಷ ಕಾದ ಮೇಲೂ ಅಸಲಿನ ಅರ್ಧ ಹಿಂದಿರುಗಲಿಲ್ಲ.

ಭಾರತದಲ್ಲಿ ಇದೇ ಕಸುಬಿನ ಹಿರಿಯ ಸಂಸ್ಥೆ 2000ದಲ್ಲಿ ಆರಂಭವಾದ ಬಿಲ್‌ಡೆಸ್ಕ್. 2021ರ ಆಗಸ್ಟಿನಲ್ಲಿ ನೆದರ್ಲೆಂಡ್ಸಿನ ಪ್ರೋಸಸ್, ತನ್ನ ಪೇಯು ಮೂಲಕ ಅದನ್ನು 470 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಅಷ್ಟರಲ್ಲಿ 2016ರಲ್ಲಿ ಬಂದ ಯುಪಿಐ ಹಣ ಕಳುಹಿಸುವುದನ್ನು ಸಾಮಾನ್ಯರಿಗೆ ಪುಕ್ಕಟೆ ಮಾಡಿಬಿಟ್ಟಿತ್ತು. 2022ರ ಸೆಪ್ಟೆಂಬರಿನಲ್ಲಿ ಸ್ಪರ್ಧಾ ಆಯೋಗ ಖರೀದಿಗೆ ಒಪ್ಪಿಗೆ ನೀಡಿತು. ಕೆಲವು ಷರತ್ತುಗಳು ಗಡುವಿನೊಳಗೆ ಪೂರೈಸಲಿಲ್ಲವೆಂದು ಪ್ರೋಸಸ್ ಅಕ್ಟೋಬರಿನಲ್ಲಿ ಒಪ್ಪಂದವನ್ನೇ ಕೈಬಿಟ್ಟಿತು.